ಹಳೇ ಬೈಕಿನ ಕಾರ್ಬ್ಯುರೇಟರ್: ತೊಂದ್ರೆ ಎಲ್ಲಿದೆ ಅಂತ ಥ್ರಾಟಲ್ಲೇ ಹೇಳುತ್ತೆ

ಹೊಸ ಬೈಕುಗಳೆಲ್ಲ ಫ್ಯುಯೆಲ್ ಇಂಜೆಕ್ಷನ್‌ಗೆ ಹೋಗಿ ಆಯ್ತು, ಅಲ್ಲಿ ಸೆನ್ಸರ್ ನೋಡಿ ಕಂಪ್ಯೂಟರೇ ಎಷ್ಟು ಪೆಟ್ರೋಲ್ ಬಿಡ್ಬೇಕು ಅಂತ ಲೆಕ್ಕ ಹಾಕುತ್ತೆ. ಆದ್ರೆ ಹಳೇ ಗಾಡಿ ಇಟ್ಕೊಂಡಿರೋರ ಪಾಡು ಬೇರೆ. ಕಾರ್ಬ್ಯುರೇಟರ್ ಬಿಚ್ಚಿ ಸರಿಯಾಗಿ ಟ್ಯೂನ್ ಮಾಡೋ ಮೆಕ್ಯಾನಿಕ್‌ಗಳು ಕಮ್ಮಿ ಆಗ್ತಿದಾರೆ, ಪೆಟ್ರೋಲ್‌ನಲ್ಲಿ ಎಥೆನಾಲ್ ಬೆರಕೆ ಜಾಸ್ತಿ ಆಗ್ತಿದೆ, ತಿಂಗಳುಗಟ್ಲೆ ನಿಂತಿದ್ದ ಗಾಡಿ ಹೊರಗೆ ತೆಗೆದ್ರೆ ಸ್ಟಾರ್ಟೇ ಆಗಲ್ಲ, ಸ್ಟಾರ್ಟ್ ಆದ್ರೂ ಐಡ್ಲಿಂಗ್ ನಿಲ್ಲಲ್ಲ, ಅಂದ್ರೆ ಥ್ರಾಟಲ್ ಬಿಟ್ಟ ತಕ್ಷಣ ಎಂಜಿನ್ ಆಫ್ ಆಗುತ್ತೆ, ಚೋಕ್ ಹಾಕ್ಕೊಂಡೇ ಓಡಿಸ್ಬೇಕು. ಆಗ ಹೆಚ್ಚಿನವ್ರು ಮಾಡೋದು ಏನಂದ್ರೆ ಕಾರ್ಬ್ಯುರೇಟರ್ ಪಕ್ಕದಲ್ಲಿ ಕಾಣೋ ಯಾವುದೋ ಒಂದು ಸ್ಕ್ರೂ ಹಿಡ್ಕೊಂಡು ತಿರುಗ್ಸೋದು.

ಅದು ಬೇಡ. ಕಾರ್ಬ್ಯುರೇಟರ್ ಅರ್ಥ ಮಾಡ್ಕೊಳ್ಳೋಕೆ ಇಂಜಿನಿಯರ್ ಆಗ್ಬೇಕಿಲ್ಲ. ಥ್ರಾಟಲ್, ಅಂದ್ರೆ ಆಕ್ಸಿಲರೇಟರ್, ಎಷ್ಟು ತಿರುಗ್ಸಿದಾಗ ಗಾಡಿ ಕೈ ಕೊಡುತ್ತೆ ಅಂತ ಗಮನಿಸಿದ್ರೆ, ಒಳಗೆ ಯಾವ ಭಾಗ ನೋಡ್ಬೇಕು ಅನ್ನೋದು ಬಹುತೇಕ ಗೊತ್ತಾಗಿಬಿಡುತ್ತೆ. ಯಾಕೆ ಹಾಗೆ ಅಂತ ತಿಳಿಯೋಕೆ ಮೊದ್ಲು ಅದು ಮಾಡೋ ಕೆಲ್ಸ ನೋಡೋಣ.

ಗಾಳಿ, ಪೆಟ್ರೋಲ್ ಮತ್ತು ಅಳತೆ

ಪೆಟ್ರೋಲ್ ದ್ರವವಾಗಿದ್ರೆ ಸಿಲಿಂಡರ್ ಒಳಗೆ ಸರಿಯಾಗಿ ಉರಿಯಲ್ಲ, ಸಣ್ಣ ಸಣ್ಣ ಹನಿಗಳಾಗಿ ಗಾಳಿ ಜೊತೆ ಬೆರೀಬೇಕು. ಹಾಗೆ ಸರಿಯಾದ ಅಳತೆಯಲ್ಲಿ ಬೆರೆಸೋದೇ ಕಾರ್ಬ್ಯುರೇಟರ್ ಕೆಲ್ಸ. ತೂಕದ ಲೆಕ್ಕದಲ್ಲಿ 1 ಗ್ರಾಂ ಪೆಟ್ರೋಲ್ ಪೂರ್ತಿ ಉರಿಯೋಕೆ ಸುಮಾರು 14.7 ಗ್ರಾಂ ಗಾಳಿ ಬೇಕು. ಪೂರ್ತಿ ಪವರ್ ಬೇಕಾದಾಗ ಪೆಟ್ರೋಲ್ ಸ್ವಲ್ಪ ಜಾಸ್ತಿ ಇರ್ಬೇಕು, 1ಕ್ಕೆ 12.5ರಿಂದ 13 ಅಷ್ಟು. ತಣ್ಣಗಿರೋ ಎಂಜಿನ್‌ಗೆ ಇನ್ನೂ ಜಾಸ್ತಿ, ಯಾಕಂದ್ರೆ ಪೆಟ್ರೋಲ್ ಆವಿಯಾಗ್ದೆ ತಣ್ಣನೆ ಗೋಡೆಗೆ ಅಂಟ್ಕೊಂಡುಬಿಡುತ್ತೆ, ಅದಕ್ಕೇ ಚೋಕ್ ಇರೋದು.

ಇಲ್ಲಿ ಎರಡು ಪದ ಗೊತ್ತಿರ್ಲಿ, ಲೇಖನದ ಉದ್ದಕ್ಕೂ ಬರುತ್ತೆ. ಪೆಟ್ರೋಲ್ ಜಾಸ್ತಿ ಆದ್ರೆ ರಿಚ್, ಗಾಳಿ ಜಾಸ್ತಿ ಆದ್ರೆ ಲೀನ್. ರಿಚ್ ಆದ ಗಾಡಿ ಕಪ್ಪು ಹೊಗೆ ಬಿಡುತ್ತೆ, ಪ್ಲಗ್ ಮಸಿ ಹಿಡಿಯುತ್ತೆ, ಮೈಲೇಜ್ ಬಿದ್ದುಹೋಗುತ್ತೆ. ಲೀನ್ ಆದ ಗಾಡಿ ಥ್ರಾಟಲ್ ಕೊಟ್ಟ ತಕ್ಷಣ ತಡವರಿಸುತ್ತೆ, ಬಿಟ್ಟಾಗ ಸೈಲೆನ್ಸರ್‌ನಲ್ಲಿ ಪಟಪಟ ಅನ್ನುತ್ತೆ, ಎಂಜಿನ್ ಅತಿಯಾಗಿ ಬಿಸಿ ಆಗುತ್ತೆ. ಇವೆರಡರಲ್ಲಿ ಲೀನ್ ಜಾಸ್ತಿ ಅಪಾಯ, ಟೂ ಸ್ಟ್ರೋಕ್ ಗಾಡೀಲಂತೂ ಪೆಟ್ರೋಲ್ ಜೊತೆಗೇ ಆಯಿಲ್ ಬರೋದ್ರಿಂದ ಪೆಟ್ರೋಲ್ ಕಮ್ಮಿ ಆದ್ರೆ ಪಿಸ್ಟನ್ ಸೀಜ್ ಆಗಬಹುದು.

ಒಳಗಡೆ ಏನೇನಿದೆ

ಕೆಳಗಡೆ ಬಟ್ಟಲಿನ ತರ ಇರೋದು ಫ್ಲೋಟ್ ಬೌಲ್. ಮನೆ ಮೇಲಿನ ನೀರಿನ ಟ್ಯಾಂಕ್‌ನಲ್ಲಿ ಬಾಲ್ ವಾಲ್ವ್ ನೋಡಿರ್ತೀರಲ್ಲ, ನೀರು ತುಂಬಿದ ಹಾಗೆ ಚೆಂಡು ಮೇಲೆ ಬಂದು ನಲ್ಲಿ ಮುಚ್ಚುತ್ತೆ, ಇಲ್ಲೂ ಥೇಟ್ ಅದೇ. ಪೆಟ್ರೋಲ್ ಏರಿದಂತೆ ಫ್ಲೋಟ್ ಏರಿ ಒಂದು ಪುಟ್ಟ ಚೂಪು ನೀಡಲ್‌ನ್ನ ಅದರ ಸೀಟಿಗೆ ಒತ್ತುತ್ತೆ, ಪೆಟ್ರೋಲ್ ನಿಲ್ಲುತ್ತೆ.

ಬೌಲ್ ಮೇಲೆ ಗಾಳಿ ಹೋಗೋ ದಾರಿ. ಅದು ನಡುವೆ ಕಿರಿದಾಗುತ್ತೆ, ಈ ಕಿರಿದಾದ ಜಾಗಕ್ಕೆ ವೆಂಚುರಿ ಅಂತಾರೆ. ಕಿರಿದಾದ ಕಡೆ ಗಾಳಿ ಜೋರಾಗಿ ಹರಿಯುತ್ತೆ, ಜೋರಾಗಿ ಹರಿದಾಗ ಅಲ್ಲಿ ಒತ್ತಡ ಇಳಿಯುತ್ತೆ. ಬೌಲ್ ಒಳಗೆ ಮಾತ್ರ ಹೊರಗಿನ ಗಾಳಿಯಷ್ಟೇ ಒತ್ತಡ ಇರುತ್ತೆ, ಯಾಕಂದ್ರೆ ಅದಕ್ಕೊಂದು ಉಸಿರಾಡೋ ತೂತು ಕೊಟ್ಟಿರ್ತಾರೆ. ಎಂಜಿನ್ ಪೆಟ್ರೋಲ್ ಎಳ್ಕೊಳ್ಳುತ್ತೆ ಅಂತ ನಾವು ಮಾತಿಗೆ ಅಂತೀವಿ, ನಿಜವಾಗಿ ಬೌಲ್‌ನ ಒತ್ತಡ ಪೆಟ್ರೋಲನ್ನ ಜೆಟ್ ಮೂಲಕ ಮೇಲಕ್ಕೆ ತಳ್ಳುತ್ತೆ. ಹಾಗಾಗಿ ಆ ಉಸಿರಿನ ತೂತು ಮಣ್ಣು ಕಟ್ಕೊಂಡ್ರೆ ಜೆಟ್ ಎಷ್ಟೇ ಕ್ಲೀನ್ ಇದ್ರೂ ಗಾಡಿ ಸ್ವಲ್ಪ ದೂರ ಹೋಗಿ ನಿಲ್ಲುತ್ತೆ. ಫ್ಲೋಟ್, ಪೆಟ್ರೋಲ್ ಚಿಮ್ಮೋ ನಾಝಲ್, ಈ ಜೋಡಿಯನ್ನ 1890ರ ದಶಕದಲ್ಲಿ ಜರ್ಮನಿಯ ವಿಲ್ಹೆಲ್ಮ್ ಮೇಬಾಖ್ ರೂಪಿಸಿದ್ದು, ಮೂಲ ತತ್ವ ಇವತ್ತಿಗೂ ಬದಲಾಗಿಲ್ಲ.

ಜೆಟ್ ಅಂದ್ರೆ ನಿಖರ ಅಳತೆಯ ತೂತಿರೋ ಹಿತ್ತಾಳೆ ತುಂಡು ಅಷ್ಟೇ. ಪೈಲಟ್ ಜೆಟ್ ಚಿಕ್ಕದು, ಐಡ್ಲಿಂಗ್ ನೋಡ್ಕೊಳ್ಳುತ್ತೆ. ಮೇನ್ ಜೆಟ್ ದೊಡ್ಡದು. ಅದರ ಮೇಲೆ ನೀಡಲ್ ಜೆಟ್ ಅನ್ನೋ ಕೊಳವೆ, ಆ ಕೊಳವೆಯೊಳಗೆ ಇಳಿಬಿದ್ದಿರೋ ಉದ್ದನೆ ಸೂಜಿಯೇ ಜೆಟ್ ನೀಡಲ್, ಕೆಳಗೆ ಹೋದ ಹಾಗೆ ಸಣ್ಣಗಾಗುತ್ತೆ. ಸೂಜಿ ಮೇಲೆ ಏರಿದಷ್ಟೂ ಸುತ್ತ ಜಾಗ ಜಾಸ್ತಿ ಆಗಿ ಪೆಟ್ರೋಲ್ ಜಾಸ್ತಿ ಬರುತ್ತೆ. ಸೂಜಿ ನೇತಾಡ್ತಿರೋದು ಸ್ಲೈಡ್ ಅನ್ನೋ ಉರುಳೆಗೆ, ಗಾಳಿ ದಾರಿಗೆ ಅಡ್ಡ ನಿಂತಿರೋ ಬಾಗಿಲು ಅದು.

ಸ್ಲೈಡ್ ಕಾರ್ಬ್ಯುರೇಟರ್‌ನಲ್ಲಿ ಥ್ರಾಟಲ್ ಕೇಬಲ್ ಸೀದಾ ಸ್ಲೈಡನ್ನೇ ಎತ್ತುತ್ತೆ. ಸಿವಿ ಅನ್ನೋ ಇನ್ನೊಂದು ತರಹದಲ್ಲಿ ಕೇಬಲ್ ಒಂದು ಚಿಟ್ಟೆ ವಾಲ್ವ್ ತಿರುಗಿಸುತ್ತೆ, ಸ್ಲೈಡನ್ನ ಎತ್ತೋದು ಎಂಜಿನ್‌ನ ವ್ಯಾಕ್ಯೂಮ್, ಮೇಲಿರೋ ರಬ್ಬರ್ ಡಯಾಫ್ರಮ್ ಮೂಲಕ. ಆ ಡಯಾಫ್ರಮ್‌ನಲ್ಲಿ ಸೂಜಿ ಮೊನೆಯಷ್ಟು ತೂತಾದ್ರೂ ಸ್ಲೈಡ್ ಪೂರ್ತಿ ಏರಲ್ಲ, ಗಾಡಿ ಒಂದು ಸ್ಪೀಡ್ ಮೇಲೆ ಹೋಗೋದೇ ಇಲ್ಲ. ಬೆಳಕಿಗೆ ಹಿಡಿದು ನೋಡಿದ್ರೆ ಕಾಣುತ್ತೆ.

ಎಷ್ಟು ತಿರುಗ್ಸಿದಾಗ ಯಾರ ಕೆಲ್ಸ

ಇಡೀ ವಿಷಯದ ಜೀವಾಳ ಇದು, ಸ್ವಲ್ಪ ನಿಧಾನವಾಗಿ ಓದಿ.

ಥ್ರಾಟಲ್ ಮುಚ್ಚಿದಲ್ಲಿಂದ ಎಂಟನೇ ಒಂದು ಭಾಗದವರೆಗೆ ಪೈಲಟ್ ಜೆಟ್ ಮತ್ತು ಐಡ್ಲಿಂಗ್‌ನ ಗಾಳಿ-ಪೆಟ್ರೋಲ್ ಅಳತೆ ಹೊಂದಿಸೋ ಮಿಕ್ಸ್ಚರ್ ಸ್ಕ್ರೂ ಅಧಿಕಾರ. ಎಂಟನೇ ಒಂದರಿಂದ ಕಾಲು ಭಾಗದ ತನಕ ಸ್ಲೈಡಿನ ತಳದಲ್ಲಿ ಓರೆಯಾಗಿ ಕತ್ತರಿಸಿರ್ತಾರಲ್ಲ, ಆ ಕಟ್ ನಿರ್ಧಾರ ಮಾಡುತ್ತೆ. ಕಾಲಿನಿಂದ ಮುಕ್ಕಾಲಿನವರೆಗೆ ಜೆಟ್ ನೀಡಲ್, ಅಂದ್ರೆ ನಾವು ದಿನಾ ಓಡ್ಸೋ ಬಹುಪಾಲು ಹೊತ್ತು ಗಾಡಿ ಇದರ ಮೇಲೇ ನಡೆಯೋದು. ಮುಕ್ಕಾಲು ದಾಟಿದ ಮೇಲೆ ಮೇನ್ ಜೆಟ್. ಗೆರೆ ಹೊಡೆದ ಹಾಗೆ ಒಂದು ಮುಗಿದು ಇನ್ನೊಂದು ಶುರು ಆಗಲ್ಲ, ಒಂದರ ಮೇಲೊಂದು ಸ್ವಲ್ಪ ಬೆರೆತಿರುತ್ತೆ, ಆದ್ರೂ ಹುಡುಕೋಕೆ ಇಷ್ಟು ಸಾಕು.

ಸ್ಪೀಡ್ ಅಲ್ಲ, ಆರ್‌ಪಿಎಂ ಕೂಡ ಅಲ್ಲ, ಥ್ರಾಟಲ್ ಎಷ್ಟು ತೆರೆದಿದೆ ಅನ್ನೋದು ಮುಖ್ಯ. ಟಾಪ್ ಗೇರಲ್ಲಿ ಸಮ ರಸ್ತೆಯಲ್ಲಿ 50ರಲ್ಲಿ ಹೋಗೋವಾಗ ಥ್ರಾಟಲ್ ಸ್ವಲ್ಪವೇ ತೆರೆದಿರಬಹುದು, ಅದೇ 50ರಲ್ಲಿ ಏರು ಹತ್ತೋವಾಗ ಮುಕ್ಕಾಲು ತೆರೆದಿರಬಹುದು. ಗ್ರಿಪ್ ಮೇಲೆ ಒಂದು ಪಟ್ಟಿ ಟೇಪ್, ಸ್ವಿಚ್ ಬಾಕ್ಸ್ ಮೇಲೆ ಕಾಲು, ಅರ್ಧ, ಮುಕ್ಕಾಲು ಗುರುತು ಹಾಕಿದ ಇನ್ನೊಂದು ಪಟ್ಟಿ ಅಂಟಿಸಿ ಓಡಿಸಿ ನೋಡಿ, ಊಹೆ ಮಾಡೋದೇ ಬೇಕಾಗಲ್ಲ. ಐಡ್ಲಿಂಗ್ ಮಾತ್ರ ನಿಲ್ತಿಲ್ಲ, ಮಿಕ್ಕಿದ್ದೆಲ್ಲ ಚೆನ್ನಾಗಿದೆ ಅಂದ್ರೆ ಮೇನ್ ಜೆಟ್ ಬದಲಾಯಿಸಿ ಏನೂ ಪ್ರಯೋಜನ ಇಲ್ಲ. ಫುಲ್ ಥ್ರಾಟಲ್‌ನಲ್ಲಿ ಮಾತ್ರ ಕುಂಟ್ತಿದೆ ಅಂದ್ರೆ ಐಡ್ಲಿಂಗ್ ಸ್ಕ್ರೂ ಎಷ್ಟು ತಿರುಗ್ಸಿದ್ರೂ ವೇಸ್ಟ್.

ಬಿಚ್ಚೋಕೆ ಮುಂಚೆ

ಕಾರ್ಬ್ಯುರೇಟರ್ ಮೇಲೆ ಬರೋ ಆರೋಪದಲ್ಲಿ ಎಷ್ಟೋ ಸಲ ಅದರ ತಪ್ಪೇ ಇರಲ್ಲ. ಏರ್ ಫಿಲ್ಟರ್ ಕಟ್ಕೊಂಡ್ರೆ ಗಾಡಿ ರಿಚ್ ಆಗುತ್ತೆ. ಪ್ಲಗ್ ಸೋತಿದ್ರೆ, ಕಿಡಿಗೆ ಕಾಂಟ್ಯಾಕ್ಟ್ ಪಾಯಿಂಟ್ ಇರೋ ಹಳೇ ಗಾಡೀಲಿ ಅದರ ಗ್ಯಾಪ್ ಹೆಚ್ಚುಕಮ್ಮಿ ಆಗಿದ್ರೆ ಮಿಸ್ಸಿಂಗ್ ಬರುತ್ತೆ, ಅಂದ್ರೆ ಎಂಜಿನ್ ನಡುನಡುವೆ ಉರಿಯದೆ ತಪ್ಪುತ್ತೆ. ಟ್ಯಾಪೆಟ್, ಅಂದ್ರೆ ವಾಲ್ವ್‌ನ ಗ್ಯಾಪ್, ಬಿಗಿ ಇದ್ರೆ ಬಿಸಿ ಆದ್ಮೇಲೆ ಐಡ್ಲಿಂಗ್ ಹಾಳಾಗುತ್ತೆ. ಟ್ಯಾಂಕ್ ಮುಚ್ಚಳದ ಗಾಳಿ ತೂತು ಮುಚ್ಚಿದ್ರೆ ಪೆಟ್ರೋಲ್ ಇಳಿಯಲ್ಲ, ಗಾಡಿ ನಿಂತಾಗ ಮುಚ್ಚಳ ತೆಗೆದ್ರೆ ಉಸ್ ಅಂತ ಶಬ್ದ ಬಂದು ಮತ್ತೆ ಸ್ಟಾರ್ಟ್ ಆಯ್ತು ಅಂದ್ರೆ ಕಾರಣ ಅದೇ. ಟ್ಯಾಂಕ್ ಒಳಗೆ ತುಕ್ಕಿದ್ರೆ ಇವತ್ತು ತೊಳೆದ ಕಾರ್ಬ್ಯುರೇಟರ್ ಸ್ವಲ್ಪ ದಿನದಲ್ಲೇ ಮತ್ತೆ ಕಟ್ಕೊಳ್ಳುತ್ತೆ, ಹಾಗಾಗಿ ಮೊದ್ಲು ಟ್ಯಾಂಕ್, ಆಮೇಲೆ ಇದು.

ಎಲ್ಲಕ್ಕಿಂತ ಹೆಚ್ಚು ತಲೆ ಕೆಡ್ಸೋದು ಏರ್ ಲೀಕ್. ಕಾರ್ಬ್ಯುರೇಟರ್ ಮತ್ತು ಎಂಜಿನ್ ನಡುವಿನ ರಬ್ಬರ್ ಹಳೇದಾಗಿ ಬಿರುಕು ಬಿಟ್ಟು ಅಲ್ಲಿಂದ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗುತ್ತೆ, ಥ್ರಾಟಲ್ ಬಿಟ್ಟ ಮೇಲೂ ಆರ್‌ಪಿಎಂ ಮೇಲೇ ನಿಂತು ನಿಧಾನಕ್ಕೆ ಇಳಿಯುತ್ತೆ. ಎಂಜಿನ್ ಐಡ್ಲಿಂಗ್‌ನಲ್ಲಿ ಇರೋವಾಗ ಆ ರಬ್ಬರ್ ಸುತ್ತ ಸ್ವಲ್ಪ ನೀರು ಸ್ಪ್ರೇ ಮಾಡಿ, ಸದ್ದು ಬದಲಾದ್ರೆ ಲೀಕ್ ಇದೆ ಅಂತ. ಕೆಲವ್ರು ಇದಕ್ಕೆ ಕಾರ್ಬ್ ಕ್ಲೀನರ್ ಬಳಸ್ತಾರೆ, ಬಿಸಿ ಎಂಜಿನ್ ಮೇಲೆ ಹೊತ್ಕೊಳ್ಳೋ ದ್ರವ ಚೆಲ್ಲೋದು ನನಗೆ ಸರಿ ಕಾಣಲ್ಲ, ನೀರೇ ಸಾಕು.

ಬಿಚ್ಚಿ ತೊಳೆಯೋದು

ಗಾಳಿ ಆಡೋ ಜಾಗ ಇರ್ಲಿ, ಹತ್ರದಲ್ಲಿ ಬೆಂಕಿ, ಹೀಟರ್ ಯಾವುದೂ ಬೇಡ. ಕಣ್ಣಿಗೆ ಕನ್ನಡಕ ಕಡ್ಡಾಯ ಅಂತಲೇ ತಿಳ್ಕೊಳ್ಳಿ, ಯಾಕಂದ್ರೆ ಒಂದು ತೂತಿಗೆ ಕ್ಲೀನರ್ ಸ್ಪ್ರೇ ಹೊಡೆದ್ರೆ ಅದು ಇನ್ನೊಂದು ತೂತಿಂದ ಸೀದಾ ಮುಖಕ್ಕೆ ಬರುತ್ತೆ. ಪೆಟ್ರೋಲ್ ಟ್ಯಾಪ್ ಆಫ್ ಮಾಡಿ, ಬೌಲ್ ಕೆಳಗಿನ ಡ್ರೈನ್ ಸ್ಕ್ರೂ ಬಿಚ್ಚಿ ಖಾಲಿ ಮಾಡಿ. ಬರೋ ಪೆಟ್ರೋಲನ್ನ ಗಾಜಿನ ಡಬ್ಬೀಲಿ ಹಿಡಿದು ನೋಡಿ, ತಳದಲ್ಲಿ ನೀರಿನ ಗುಳ್ಳೆ, ತುಕ್ಕಿನ ಪುಡಿ ಕಂಡ್ರೆ ಅರ್ಧ ಉತ್ತರ ಅಲ್ಲೇ ಸಿಕ್ತು.

ಸ್ಕ್ರೂ ವಿಷಯ. ಜಪಾನ್ ವಿನ್ಯಾಸದ ಕಾರ್ಬ್ಯುರೇಟರ್‌ಗಳಲ್ಲಿ, ಅಂದ್ರೆ ಮಿಕುನಿ, ಕೇಹಿನ್ ತರದವು, ಪ್ಲಸ್ ಗುರುತಿನ ಸ್ಕ್ರೂ ಕಾಣುತ್ತೆ, ಅದು ಮಾಮೂಲಿ ಫಿಲಿಪ್ಸ್ ಅಲ್ಲ, ಜೆಐಎಸ್ ಅನ್ನೋ ಬೇರೆ ಅಳತೆ. ಮಾಮೂಲಿ ಸ್ಕ್ರೂಡ್ರೈವರ್ ಹಾಕಿ ಬಲ ಬಿಟ್ರೆ ಜಾರಿ ತಲೆ ಸವೆದುಹೋಗುತ್ತೆ. ಹಾಕೋ ಬಲ ಹೆಚ್ಚಾಗಿ ಕೆಳಕ್ಕೆ ಒತ್ತೋದಕ್ಕೆ ಹೋಗ್ಲಿ, ತಿರುಗ್ಸೋಕೆ ಸ್ವಲ್ಪ ಸಾಕು.

ಮಿಕ್ಸ್ಚರ್ ಸ್ಕ್ರೂ ತೆಗೆಯೋಕೆ ಮುಂಚೆ ಅದನ್ನ ಒಳಕ್ಕೆ ಹಗುರವಾಗಿ ತಾಗೋವರೆಗೆ ತಿರುಗಿಸಿ, ಎಷ್ಟು ಸುತ್ತು ಹೋಯ್ತು ಅಂತ ಬರೆದಿಟ್ಕೊಳ್ಳಿ. ಹಗುರವಾಗಿ ಅನ್ನೋದಕ್ಕೆ ಕಾರಣ ಇದೆ, ಬಿಗಿ ಮಾಡಿದ್ರೆ ಅದರ ಚೂಪು ತುದಿ ಮುರಿದು ತೂತಿನೊಳಗೇ ಸಿಕ್ಕಿಕೊಳ್ಳಬಹುದು. ಕೆಲವದ್ರಲ್ಲಿ ಸ್ಕ್ರೂ ಜೊತೆ ಸ್ಪ್ರಿಂಗ್, ವಾಷರ್, ಪುಟ್ಟ ಓ-ರಿಂಗ್ ಇರುತ್ತೆ, ಓ-ರಿಂಗ್ ಎಷ್ಟೋ ಸಲ ಒಳಗೇ ಉಳ್ಕೊಂಡುಬಿಡುತ್ತೆ, ಗಮನಿಸದೆ ಸ್ಪ್ರೇ ಹೊಡೆದ್ರೆ ಅದು ಊದಿ ಹಾಳು. ಫ್ಲೋಟ್ ಪಿನ್ ಹಿಡಿದಿರೋ ಎರಡು ಕಂಬಗಳೂ ಹಾಗೇ, ಎರಕದ ಲೋಹ, ಸುತ್ತಿಗೆ ಪೆಟ್ಟು ತಾಳಲ್ಲ, ಒಂದು ಮುರಿದ್ರೆ ಬಾಡಿಯನ್ನೇ ಬದಲಾಯಿಸೋ ಪರಿಸ್ಥಿತಿ ಬರುತ್ತೆ. ಪಿನ್ ಬರ್ತಿಲ್ಲ ಅಂದ್ರೆ ಪೆನೆಟ್ರೇಟಿಂಗ್ ಆಯಿಲ್ ಹಾಕಿ ಕಾಯೋದು ಒಂದೇ ದಾರಿ. ಪ್ರತಿ ಹಂತದಲ್ಲೂ ಮೊಬೈಲಲ್ಲಿ ಫೋಟೋ ತೆಗೀರಿ, ಜೆಟ್ ನೀಡಲ್‌ನ ಮೇಲ್ತುದಿಯ ಕಚ್ಚುಗಳಲ್ಲಿ ಒಂದಕ್ಕೆ ಸಿಕ್ಕಿಸಿರೋ ಕ್ಲಿಪ್ ಮೇಲಿಂದ ಎಷ್ಟನೇ ಕಚ್ಚಿನಲ್ಲಿತ್ತು ಅನ್ನೋದಂತೂ ಬರೆದೇ ಇಟ್ಕೊಳ್ಳಿ.

ರಬ್ಬರ್, ಪ್ಲಾಸ್ಟಿಕ್ ಎಲ್ಲ ತೆಗೆದು ಪಕ್ಕಕ್ಕಿಟ್ಟ ಮೇಲೆ ಕ್ಲೀನರ್ ಹೊಡೀರಿ. ಜೆಟ್ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, ತೂತು ಗುಂಡಗೆ ಸ್ವಚ್ಛವಾಗಿ ಕಾಣ್ಬೇಕು, ಪೈಲಟ್ ಜೆಟ್‌ನದ್ದು ಕೂದಲಷ್ಟು ಸಣ್ಣದು, ಹಳೇ ಪೆಟ್ರೋಲ್ ಒಣಗಿ ಅಂಟಾಗಿ ಮೊದಲು ಕಟ್ಕೊಳ್ಳೋದು ಅದೇ. ಸ್ಟೀಲ್ ತಂತಿ, ಡ್ರಿಲ್ ಬಿಟ್ ಹಾಕಿ ಚುಚ್ಚಬೇಡಿ. ಹಿತ್ತಾಳೆ ಮೆದು, ಒಂದು ಗೀರು ಬಿದ್ರೂ ಜೆಟ್ ಮೇಲೆ ಬರೆದಿರೋ ನಂಬರ್‌ಗೆ ಅರ್ಥ ಇರಲ್ಲ. ನೆನೆಸಿಟ್ಟು, ಕಂಪ್ರೆಸರ್ ಗಾಳಿ ಹೊಡೆದ್ರೂ ಬರ್ಲಿಲ್ಲ ಅಂದ್ರೆ ಬ್ರಷ್‌ನ ಒಂದೇ ಒಂದು ನೈಲಾನ್ ಎಳೆ ಪ್ರಯತ್ನಿಸಬಹುದು, ಅದೂ ಆಗದಿದ್ರೆ ಹೊಸ ಜೆಟ್. ಬಾಡಿಯಲ್ಲಿರೋ ಪ್ರತಿಯೊಂದು ತೂತಿಗೂ ಸ್ಪ್ರೇ ಹೊಡೆದು ಅದು ಎಲ್ಲಿಂದ ಹೊರಗೆ ಬರುತ್ತೆ ಅಂತ ನೋಡಿ, ಎಂಜಿನ್ ಕಡೆ ಬಾಯಲ್ಲಿ ಸ್ಲೈಡ್ ಹತ್ರ ಇರೋ ಪುಟಾಣಿ ತೂತುಗಳನ್ನ ಮರೆತು ಬಿಡೋರು ತುಂಬಾ, ಐಡ್ಲಿಂಗ್ ಸರಿಹೋಗದೆ ಇರೋದು ಅಲ್ಲೇ.

ಸವೆತ ನೋಡೋದು ಹಳೇ ಗಾಡಿಗೆ ತೊಳೆಯೋದಕ್ಕಿಂತ ಮುಖ್ಯ ಅಂತ ನನ್ನ ಅಭಿಪ್ರಾಯ. ಫ್ಲೋಟ್ ನೀಡಲ್ ತುದಿಯಲ್ಲಿ ಉಂಗುರದಂಥ ಗೆರೆ ಬಿದ್ದಿದ್ರೆ ಅದು ಪೆಟ್ರೋಲ್ ನಿಲ್ಲಿಸಲ್ಲ, ಓವರ್‌ಫ್ಲೋ ಆಗುತ್ತೆ. ಹಿತ್ತಾಳೆ ಫ್ಲೋಟ್ ಅಲ್ಲಾಡಿಸಿದಾಗ ಒಳಗೆ ಪೆಟ್ರೋಲ್ ಸದ್ದು ಬಂದ್ರೆ ತೂತಾಗಿದೆ. ಇನ್ನು ಜೆಟ್ ನೀಡಲ್, ವರ್ಷಾನುಗಟ್ಟಲೆ ನೀಡಲ್ ಜೆಟ್ ಒಳಗೆ ಅದುರ್ತಾ ಅದುರ್ತಾ ಎರಡೂ ಸವೆಯುತ್ತವೆ, ಗುಂಡಗಿದ್ದ ತೂತು ಮೊಟ್ಟೆ ಆಕಾರಕ್ಕೆ ಬರುತ್ತೆ, ಆಗ ಕಾಲು ಥ್ರಾಟಲ್‌ನಿಂದ ಅರ್ಧದವರೆಗೆ ಗಾಡಿ ರಿಚ್ ಆಗಿಯೇ ಇರುತ್ತೆ, ಕ್ಲಿಪ್ ಎಲ್ಲಿಟ್ರೂ ಸರಿ ಹೋಗಲ್ಲ. ಮೈಲೇಜ್ ಯಾಕೋ ಬಿದ್ದಿದೆ, ಎಲ್ಲ ಮಾಡಿ ಆಯ್ತು ಅನ್ನೋ ಗಾಡಿಗಳಲ್ಲಿ ಇವೆರಡನ್ನ ಜೋಡಿಯಾಗಿ ಬದಲಾಯಿಸಿ ನೋಡ್ಬೇಕು.

ಜೋಡಿಸೋವಾಗ ಗ್ಯಾಸ್ಕೆಟ್, ಓ-ರಿಂಗ್ ಹೊಸದು ಹಾಕಿ. ಸ್ಲೈಡಿನ ಓರೆ ಕಟ್ ಏರ್ ಫಿಲ್ಟರ್ ಕಡೆಗೇ ಇರ್ಬೇಕು. ಸ್ಟಾರ್ಟ್ ಮಾಡೋಕೆ ಮುಂಚೆ ಥ್ರಾಟಲ್ ತಿರುಗಿಸಿ ಬಿಟ್ಟು ನೋಡಿ, ಟಪ್ ಅಂತ ತಾನಾಗೇ ಮುಚ್ಚಿಕೊಳ್ಳಬೇಕು, ಇಲ್ಲ ಅಂದ್ರೆ ಎಂಜಿನ್ ಸ್ಟಾರ್ಟ್ ಆದ ಕ್ಷಣ ಪೂರ್ತಿ ರೇಸ್‌ಗೆ ಹೋಗುತ್ತೆ.

ಫ್ಲೋಟ್ ಹೈಟ್, ಎಲ್ಲರೂ ಬಿಟ್ಟುಬಿಡೋ ಅಳತೆ

ಬೌಲ್‌ನಲ್ಲಿ ಪೆಟ್ರೋಲ್ ಮಟ್ಟ ಎಷ್ಟಿರುತ್ತೆ ಅನ್ನೋದು ಎಲ್ಲಾ ಜೆಟ್‌ಗಳ ಮೇಲೂ ಪರಿಣಾಮ ಬೀರುತ್ತೆ. ಮಟ್ಟ ಮೇಲಿದ್ರೆ ಎಲ್ಲಾ ಹಂತದಲ್ಲೂ ರಿಚ್, ಕೆಳಗಿದ್ರೆ ಲೀನ್, ಜೊತೆಗೆ ಜಾಸ್ತಿ ಹೊತ್ತು ಫುಲ್ ಥ್ರಾಟಲ್ ಕೊಟ್ರೆ ಬೌಲ್ ಖಾಲಿ ಆಗಿ ಗಾಡಿ ಸುಸ್ತಾಗುತ್ತೆ. ಇದು ಸರಿ ಇಲ್ದೆ ಜೆಟ್ ಬದಲಾಯಿಸ್ತಾ ಕೂತ್ರೆ ತುದಿ ಸಿಗಲ್ಲ.

ಗ್ಯಾಸ್ಕೆಟ್ ತೆಗೆದು, ಕಾರ್ಬ್ಯುರೇಟರ್‌ನ್ನ ತಲೆಕೆಳಗು ಮಾಡಿ ಸ್ವಲ್ಪ ಓರೆ ಹಿಡ್ಕೊಂಡು, ಫ್ಲೋಟ್‌ನ ನಾಲಿಗೆ ಫ್ಲೋಟ್ ನೀಡಲ್‌ನ ಹಿಂಬದಿಯ ಸ್ಪ್ರಿಂಗ್ ಪಿನ್ನಿಗೆ ಬರೀ ತಾಗೋ ಹಾಗೆ, ಒತ್ತದ ಹಾಗೆ ನಿಲ್ಲಿಸಿ. ಆಗ ಬಾಡಿಯ ಅಂಚಿನಿಂದ ಫ್ಲೋಟ್‌ನ ಆಚೆ ತುದಿಗೆ ಎಷ್ಟು ಮಿಲಿಮೀಟರ್ ಅಂತ ಅಳೆಯಿರಿ, ಎಷ್ಟಿರ್ಬೇಕು ಅನ್ನೋದು ನಿಮ್ಮ ಗಾಡಿಯ ಸರ್ವಿಸ್ ಮ್ಯಾನುಯಲ್‌ನಲ್ಲಿರುತ್ತೆ, ಬೇರೆ ಮಾಡೆಲ್‌ನದ್ದು ನಡೆಯಲ್ಲ. ಅಳೆಯೋವಾಗ ಎಲ್ಲ ತಲೆಕೆಳಗಾಗಿರೋದ್ರಿಂದ ಅಳತೆ ಜಾಸ್ತಿ ಬಂದ್ರೆ ಪೆಟ್ರೋಲ್ ಮಟ್ಟ ಕಮ್ಮಿ ಅಂತ ಅರ್ಥ. ಲೋಹದ ನಾಲಿಗೆ ಇದ್ರೆ ಅದನ್ನ ಕೂದಲೆಳೆಯಷ್ಟು ಬಗ್ಗಿಸಿ ಸರಿ ಮಾಡಬಹುದು, ಪೂರ್ತಿ ಪ್ಲಾಸ್ಟಿಕ್ ಫ್ಲೋಟ್ ಆದ್ರೆ ಸಾಮಾನ್ಯವಾಗಿ ಆಗಲ್ಲ.

ಐಡ್ಲಿಂಗ್ ಟ್ಯೂನ್

ಹೊರಗೆ ಎರಡು ಸ್ಕ್ರೂ ಕಾಣುತ್ತೆ. ಒಂದು ಸ್ಲೈಡ್ ಅಥವಾ ಚಿಟ್ಟೆ ವಾಲ್ವನ್ನ ಸ್ವಲ್ಪ ತೆರೆದಿಟ್ಟು ಆರ್‌ಪಿಎಂ ಹೆಚ್ಚುಕಮ್ಮಿ ಮಾಡೋ ಐಡ್ಲಿಂಗ್ ಸ್ಕ್ರೂ. ಇನ್ನೊಂದು ಮಿಕ್ಸ್ಚರ್ ಸ್ಕ್ರೂ, ಗೊಂದಲ ಇರೋದು ಇದರಲ್ಲೇ. ಅದು ಸ್ಲೈಡ್‌ಗಿಂತ ಏರ್ ಫಿಲ್ಟರ್ ಕಡೆಗಿದ್ರೆ ಏರ್ ಸ್ಕ್ರೂ, ಗಾಳಿಯನ್ನ ಹತೋಟಿ ಮಾಡುತ್ತೆ, ಒಳಕ್ಕೆ ತಿರುಗ್ಸಿದ್ರೆ ರಿಚ್. ಎಂಜಿನ್ ಕಡೆಗಿದ್ರೆ ಫ್ಯುಯೆಲ್ ಸ್ಕ್ರೂ, ಅದು ಉಲ್ಟಾ, ಹೊರಕ್ಕೆ ತಿರುಗ್ಸಿದ್ರೆ ರಿಚ್. ಒಬ್ಬರ ಗಾಡಿಗೆ ಹೇಳಿದ ಸಲಹೆ ಇನ್ನೊಬ್ಬರ ಗಾಡೀಲಿ ಪೂರ್ತಿ ತಿರುವುಮುರುವು ಆಗೋದು ಇದಕ್ಕೇ.

ಒಂದು ಹತ್ತು ನಿಮಿಷ ಓಡಿಸಿ ಎಂಜಿನ್ ಚೆನ್ನಾಗಿ ಬಿಸಿ ಮಾಡಿ, ಚೋಕ್ ಪೂರ್ತಿ ಆಫ್ ಇದೆ, ಕೇಬಲ್‌ನಲ್ಲಿ ಎರಡು ಮೂರು ಮಿಲಿಮೀಟರ್ ಸಡಿಲ ಇದೆ ಅಂತ ನೋಡ್ಕೊಳ್ಳಿ. ಮಿಕ್ಸ್ಚರ್ ಸ್ಕ್ರೂ ಹಗುರವಾಗಿ ಒಳಕ್ಕೆ ಮುಚ್ಚಿ ಮ್ಯಾನುಯಲ್ ಹೇಳಿದಷ್ಟು ಹೊರಕ್ಕೆ ತೆಗೀರಿ, ಅದು ಗೊತ್ತಿಲ್ಲ ಅಂದ್ರೆ ಒಂದೂವರೆ ಸುತ್ತಿನಿಂದ ಶುರು ಮಾಡಬಹುದು. ಈಗ ಕಾಲು ಕಾಲು ಸುತ್ತು ತಿರುಗಿಸ್ತಾ, ಪ್ರತಿ ಸಲ ಕೆಲವು ಸೆಕೆಂಡ್ ಕಾಯಿರಿ, ಎಂಜಿನ್‌ಗೆ ಒಗ್ಗಿಕೊಳ್ಳೋಕೆ ಸಮಯ ಬೇಕು. ಆರ್‌ಪಿಎಂ ಅತಿ ಹೆಚ್ಚಾಗಿ, ಸದ್ದು ಸಮವಾಗಿ ಕೇಳೋ ಜಾಗ ಒಂದಿರುತ್ತೆ, ಅದರಾಚೆ ಎರಡೂ ಕಡೆ ಎಂಜಿನ್ ತಗ್ಗುತ್ತೆ. ಅಲ್ಲಿ ನಿಲ್ಲಿಸಿ, ಐಡ್ಲಿಂಗ್ ಸ್ಕ್ರೂನಿಂದ ಆರ್‌ಪಿಎಂ ಇಳಿಸಿ, ಇನ್ನೊಂದು ಸಲ ಇದೇ ಮಾಡಿ. ಕೊನೆಗೆ ಮ್ಯಾನುಯಲ್‌ನ ಸಂಖ್ಯೆಗೆ ತನ್ನಿ, ಬಹಳಷ್ಟು ಗಾಡಿಗಳಿಗೆ ಅದು 1000ದಿಂದ 1400ರ ಒಳಗೆ ಬರುತ್ತೆ. ಹ್ಯಾಂಡಲ್ ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಆರ್‌ಪಿಎಂ ಏರಿದ್ರೆ ಕೇಬಲ್ ಎಲ್ಲೋ ಬಿಗಿಯಾಗ್ತಿದೆ. ಏರ್ ಕೂಲ್ಡ್ ಗಾಡಿ ನಿಂತಲ್ಲೇ ಜಾಸ್ತಿ ಹೊತ್ತು ಓಡಿದ್ರೆ ಬಿಸಿ ಏರುತ್ತೆ, ನಡುವೆ ಬಿಡುವು ಕೊಡಿ.

ಸ್ಕ್ರೂ ಎಲ್ಲಿ ನಿಲ್ತು ಅನ್ನೋದೂ ಒಂದು ಸುಳಿವು. ಏರ್ ಸ್ಕ್ರೂ ಬಹುತೇಕ ಮುಚ್ಚಿದಾಗ ಮಾತ್ರ ಚೆನ್ನಾಗಿ ಓಡ್ತಿದೆ ಅಂದ್ರೆ ಪೈಲಟ್ ಜೆಟ್ ಕಟ್ಕೊಂಡಿದೆ ಅಥವಾ ಚಿಕ್ಕದಾಗಿದೆ. ಮೂರು ಸುತ್ತು ಬಿಚ್ಚಿದ್ರೂ ಇನ್ನೂ ಬೇಕು ಅಂತಿದ್ರೆ ಜೆಟ್ ದೊಡ್ಡದಾಗಿದೆ. ಫ್ಯುಯೆಲ್ ಸ್ಕ್ರೂಗೆ ಇದನ್ನೇ ತಿರುಗಿಸಿ ಓದ್ಕೊಳ್ಳಿ.

ಅದರ ಮೇಲಿನದು

ಅರ್ಧ ಥ್ರಾಟಲ್‌ನಲ್ಲಿ ಲೀನ್ ಅನಿಸಿದ್ರೆ ನೀಡಲ್ ಕ್ಲಿಪ್ ಒಂದು ಕಚ್ಚು ಕೆಳಗಿಳಿಸಿ, ಸೂಜಿ ಮೇಲೇರುತ್ತೆ, ಪೆಟ್ರೋಲ್ ಜಾಸ್ತಿ ಆಗುತ್ತೆ. ರಿಚ್ ಆದ್ರೆ ಕ್ಲಿಪ್ ಮೇಲಕ್ಕೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಒಂದೇ ಕಚ್ಚು, ಓಡಿಸಿ ನೋಡಿ ಆಮೇಲೆ ಮುಂದಿನದು.

ಕಂಪನಿ ಕೊಟ್ಟ ಸೈಲೆನ್ಸರ್, ಕಂಪನಿ ಕೊಟ್ಟ ಫಿಲ್ಟರ್ ಇರೋ ಗಾಡಿಗೆ ಮೇನ್ ಜೆಟ್ ಬದಲಾಯಿಸೋ ಅಗತ್ಯ ಅಪರೂಪ. ಅವನ್ನ ಬದಲಾಯಿಸಿದ್ರೆ ಮಾತ್ರ ಮೇನ್ ಜೆಟ್‌ನಿಂದ ಶುರು ಮಾಡಿ ಕೆಳಗೆ ಬರೋದು ಒಳ್ಳೇದು. ಕೊಳ್ಳೋವಾಗ ನಂಬರ್ ಒಂದೇ ಅಂತ ಬೇರೆ ಕಂಪನಿ ಜೆಟ್ ಹಾಕ್ಬೇಡಿ, ಕೇಹಿನ್‌ನಲ್ಲಿ 100 ಅಂದ್ರೆ 1.00 ಮಿಲಿಮೀಟರ್ ತೂತು, ಮಿಕುನಿಯ ಷಟ್ಕೋನ ತಲೆಯ ಜೆಟ್‌ನಲ್ಲಿ ನಂಬರ್ ಸೂಚಿಸೋದು ಹರಿಯೋ ಪ್ರಮಾಣವನ್ನ.

ಪ್ಲಗ್ ಬಣ್ಣ ನೋಡೋ ಪದ್ಧತಿ ಇದೆ. ತಿಳಿ ಕಂದು ಬಣ್ಣ ಇದ್ರೆ ಚೆನ್ನ, ಒಣ ಕಪ್ಪು ಮಸಿ ಇದ್ರೆ ರಿಚ್, ಬೂದಿ ಬಿಳುಪು ಇದ್ರೆ ಲೀನ್, ಒದ್ದೆ ಎಣ್ಣೆಗಪ್ಪು ಇದ್ರೆ ಫೋರ್ ಸ್ಟ್ರೋಕ್‌ನಲ್ಲಿ ಅದು ಕಾರ್ಬ್ಯುರೇಟರ್ ಅಲ್ಲ, ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಕಡೆ ನೋಡಿ. ಸೀಸವಿಲ್ಲದ ಈಗಿನ ಪೆಟ್ರೋಲ್‌ನಲ್ಲಿ ಬಣ್ಣ ಮುಂಚಿನಷ್ಟು ಸ್ಪಷ್ಟವಾಗಿ ಬರಲ್ಲ, ಹಾಗಾಗಿ ಅದೊಂದನ್ನೇ ನಂಬಬೇಡಿ. ಇನ್ನೊಂದು ಸುಲಭದ ಪರೀಕ್ಷೆ, ಬಿಸಿ ಎಂಜಿನ್ ತಡವರಿಸೋವಾಗ ಚೋಕ್ ಸ್ವಲ್ಪ ಎಳೆದು ನೋಡಿ, ಸುಧಾರಿಸಿದ್ರೆ ಲೀನ್ ಇತ್ತು, ಇನ್ನೂ ಹಾಳಾದ್ರೆ ರಿಚ್ ಇತ್ತು.

ಎಥೆನಾಲ್, ಎತ್ತರ, ನಿಲ್ಲಿಸಿಟ್ಟ ಗಾಡಿ

ಎಥೆನಾಲ್ ಅಣುವಿನಲ್ಲೇ ಆಮ್ಲಜನಕ ಇದೆ, ಅದು ಉರಿಯೋಕೆ ಪೆಟ್ರೋಲ್‌ಗಿಂತ ಕಮ್ಮಿ ಗಾಳಿ ಸಾಕು, 14.7ರ ಬದಲು ಸುಮಾರು 9. ಇಂಜೆಕ್ಷನ್ ಗಾಡಿ ಸೆನ್ಸರ್‌ನಿಂದ ತಿಳ್ಕೊಂಡು ಹೊಂದಿಸಿಕೊಳ್ಳುತ್ತೆ, ಕಾರ್ಬ್ಯುರೇಟರ್‌ಗೆ ಅದು ಗೊತ್ತಾಗಲ್ಲ, ಅದೇ ಜೆಟ್‌ನಿಂದ ಅಷ್ಟೇ ಬಿಡುತ್ತೆ, ಹಾಗಾಗಿ ಬೆರಕೆ ಜಾಸ್ತಿ ಆದಷ್ಟೂ ಗಾಡಿ ಲೀನ್ ಕಡೆಗೆ ಸರಿಯುತ್ತೆ. ಮಿಕ್ಸ್ಚರ್ ಸ್ಕ್ರೂ ಸ್ವಲ್ಪ, ಕ್ಲಿಪ್ ಒಂದು ಕಚ್ಚು ರಿಚ್ ಮಾಡಿದ್ರೆ ಎಷ್ಟೋ ಗಾಡಿ ಸರಿ ಹೋಗುತ್ತೆ. ಹಳೇ ರಬ್ಬರ್ ಪೈಪ್, ಓ-ರಿಂಗ್‌ಗಳು ಎಥೆನಾಲ್‌ಗೆ ಊದಿ ಮೆತ್ತಗಾಗ್ತವೆ, ಎಥೆನಾಲ್ ತಡೆಯೋ ರಬ್ಬರ್‌ನ ಪಾರ್ಟ್ ಕೇಳಿ ಹಾಕಿಸಿ.

ಎತ್ತರದ ಬೆಟ್ಟದ ಮೇಲೆ ಇದರ ವಿರುದ್ಧ, ಗಾಳಿ ತೆಳುವಾಗಿ ಗಾಡಿ ರಿಚ್ ಆಗುತ್ತೆ, ಎಳೆಯೋ ಶಕ್ತಿ ಕಮ್ಮಿ ಆಗುತ್ತೆ. ಅಲ್ಲೇ ಇರೋರಾದ್ರೆ ಚಿಕ್ಕ ಮೇನ್ ಜೆಟ್ ಬೇಕು, ಬರೀ ಹೋಗಿ ಬರೋರು ಹಾಗೇ ಬಿಡಿ, ಚಿಕ್ಕ ಜೆಟ್ ಹಾಕ್ಕೊಂಡು ಕೆಳಗೆ ಬಂದ್ರೆ ಅಪಾಯದ ಲೀನ್.

ಗಾಡಿ ಒಂದು ತಿಂಗಳಿಗಿಂತ ಜಾಸ್ತಿ ನಿಲ್ಲಿಸೋದಿದ್ರೆ ಟ್ಯಾಪ್ ಆಫ್ ಮಾಡಿ ಡ್ರೈನ್ ಸ್ಕ್ರೂನಿಂದ ಬೌಲ್ ಖಾಲಿ ಮಾಡಿಬಿಡಿ. ಬರೀ ಟ್ಯಾಪ್ ಆಫ್ ಮಾಡಿ ಎಂಜಿನ್ ನಿಲ್ಲೋವರೆಗೆ ಓಡಿಸಿದ್ರೆ ತಳದಲ್ಲಿ ಸ್ವಲ್ಪ ಉಳ್ಕೊಳ್ಳುತ್ತೆ, ನೀರು ಸೇರಿದ್ರೆ ಅದು ಇರೋದೂ ತಳದಲ್ಲೇ. ಮತ್ತೆ ತೆಗೆಯೋವಾಗ ಟ್ಯಾಪ್ ಆನ್ ಮಾಡಿ, ಬೌಲ್ ತುಂಬೋಕೆ ಒಂದು ನಿಮಿಷ ಬಿಟ್ಟು, ಓವರ್‌ಫ್ಲೋ ಪೈಪ್‌ನಿಂದ ಪೆಟ್ರೋಲ್ ತೊಟ್ಟಿಕ್ತಿಲ್ಲ ಅಂತ ನೋಡಿ, ಚೋಕ್ ಹಾಕಿ ಕಿಕ್ ಹೊಡೀರಿ.